ಮಾವನವರಿಗೆ ಹಾಕಿದ ನಾಮ

ಕಾನ್ವೆಂಟಿನಲ್ಲಿ ಓದಿದ್ದರಿಂದ ನನಗೆ ಸರಿಯಾಗಿ ಬಂದದ್ದು ಎರಡೇ ವಿದ್ಯೆ. ಒಂದು, ದಾರ ಹೊರಗೆ ಕಾಣದ ಹಾಗೆ ಬಟ್ಟೆಯ ಅಂಚು ಮಡಿಸಿ ಹೊಲಿಯುವುದು. ಇನ್ನೊಂದು, ಹಿರಿಯರು ಮಾತಾಡುವಾಗ ಮನಸ್ಸಿನಲ್ಲಿದ್ದದ್ದು ಮುಖದಲ್ಲಿ ಕಾಣದ ಹಾಗೆ ನಿಂತಿರುವುದು. ಮೊದಲನೆಯದು ನಾಟಕಕ್ಕೆ ಉಪಯೋಗವಾಯಿತು, ಎರಡನೆಯದು ಸಂಸಾರಕ್ಕೆ.

ಮೈಸೂರಿನ ಆ ಶಾಲೆಯಲ್ಲಿ ಪ್ರತಿ ಕ್ರಿಸ್‌ಮಸ್‌ಗೂ ಒಂದು ನಾಟಕ ಇರುತ್ತಿತ್ತು. ದೇವದೂತರ ರೆಕ್ಕೆ ಹೊಲಿಯುವ ಕೆಲಸ ನನ್ನದು. ರೆಕ್ಕೆ ಕಟ್ಟಿಕೊಂಡು ನಿಲ್ಲುವ ಕೆಲಸ ನನಗಿಂತ ಬೆಳ್ಳಗಿದ್ದ ಹುಡುಗಿಯರದು. ಇದನ್ನು ಮದುವೆಯಾದ ಹೊಸತರಲ್ಲಿ ನಗುನಗುತ್ತಾ ನಮ್ಮವರಿಗೆ ಹೇಳಿದ್ದೆ. ಅವರು ಅದನ್ನು ನೆನಪಿನಲ್ಲಿಟ್ಟುಕೊಂಡರು. ಮದ್ರಾಸಿನ ಕನ್ನಡಿಗರ ಒಂದು ಸಣ್ಣ ಸಂಘಕ್ಕೆ ಅವರು ಕಾರ್ಯದರ್ಶಿ. ವರ್ಷಕ್ಕೊಂದು ಸಂಗೀತ ನಾಟಕ ಆಡಿಸುವುದು ಆ ಸಂಘದ ಮುಖ್ಯ ಕೆಲಸ, ಆಡಿಸಿದ ಮೇಲೆ ವರ್ಷವಿಡೀ ಅದರ ಬಗ್ಗೆ ಜಗಳವಾಡುವುದು ಉಳಿದ ಕೆಲಸ. ಐವತ್ತರ ದಶಕದ ಕೊನೆಯ ಒಂದು ವರ್ಷ ಸಭೆಯಲ್ಲಿ ಇವರು ಎದ್ದು ನಿಂತು, "ನಮ್ಮ ಮನೆಯವಳಿಗೆ ನಾಟಕದ ಬಟ್ಟೆ ಹೊಲಿದು ಅನುಭವ ಇದೆ" ಎಂದುಬಿಟ್ಟರಂತೆ. ಹೀಗೆ ನಾನು ವೇಷಭೂಷಣ ಸಮಿತಿಯಾದೆ. ಸಮಿತಿಯಲ್ಲಿ ಬೇರೆ ಯಾರೂ ಇರಲಿಲ್ಲ. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರು "ಶ್ರೀಮತಿ ಕಾರ್ಯದರ್ಶಿ" ಎಂದು ಅಚ್ಚಾಗಿತ್ತು.

ನಮ್ಮ ಅತ್ತೆಯ ಮನೆ ತ್ರಿಪ್ಲಿಕೇನಿನಲ್ಲಿ. ಮೂರು ತಲೆಮಾರಿನಿಂದ ಅಲ್ಲೇ ಇದ್ದ ಶ್ರೀವೈಷ್ಣವರ ಮನೆತನ. ತಾವು ಆಡುವುದು ಕನ್ನಡವೆಂದು ಅವರೆಲ್ಲ ದೃಢವಾಗಿ ನಂಬಿದ್ದರು. ನಾನು ಬಂದ ಮೊದಲ ದಿನ ಅತ್ತೆಯವರು "ವಾಸಪಡಿಯಲ್ಲಿ ನಿಂತ್ಕೋಬೇಡ, ಉಳ್ಳೆ ಬಾ" ಎಂದದ್ದು, ಅಂದರೆ ಹೊಸ್ತಿಲಲ್ಲಿ ನಿಲ್ಲದೆ ಒಳಗೆ ಬಾ ಎಂದದ್ದು, ಅವರ ಲೆಕ್ಕಕ್ಕೆ ಅದೂ ಕನ್ನಡವೇ. ನಾದಿನಿಗೆ ನಾನು ಅತ್ತಿಗೆಯಾಗಲಿಲ್ಲ, "ಮನ್ನಿ"ಯಾದೆ.

ಈ ನಾದಿನಿಯ ಬಗ್ಗೆಯೇ ನಾನು ಹೇಳಬೇಕಾಗಿರುವುದು. ಹತ್ತೊಂಬತ್ತು ವರ್ಷದ ಹುಡುಗಿ, ತೆಳ್ಳಗೆ, ಸ್ವಲ್ಪ ಉದ್ದ. ಅವಳಿಗೆ ದೇವರು ಕೊಟ್ಟಿದ್ದ ಕಂಠ ಹೆಂಗಸರ ಕಂಠಕ್ಕಿಂತ ತುಸು ತಗ್ಗಿನದು, ಕಂಚಿನ ಪಾತ್ರೆಯನ್ನು ಬೆರಳಲ್ಲಿ ತಟ್ಟಿದ ಹಾಗೆ. ವಾರಕ್ಕೆರಡು ಸಲ ಬಂದು ಸಂಗೀತ ಪಾಠ ಹೇಳುತ್ತಿದ್ದ ವಾದ್ಯಾರನ್ನು ಜಾತಕ ತಿರುಗಲು ಶುರುವಾದಾಗ ಮಾವನವರು ನಿಲ್ಲಿಸಿದ್ದರು. "ಹೆಣ್ಣು ನೋಡೋಕೆ ಬಂದವರ ಮುಂದೆ ಹಾಡೋಷ್ಟು ಬಂತು, ಸಾಕು" ಎಂಬುದು ಅವರ ತೀರ್ಮಾನ. ಆ ಲೆಕ್ಕದಲ್ಲಿ ನೋಡಿದರೆ ಅವಳಿಗೆ ಬೇಕಾದುದಕ್ಕಿಂತ ಬಹಳ ಹೆಚ್ಚೇ ಬಂದಿತ್ತು. ಏಕೆಂದರೆ ಹೆಣ್ಣು ನೋಡಲು ಬಂದವರ ಮುಂದೆ ಅವಳು ಯಾವತ್ತೂ ಒಂದು ಹಾಡನ್ನು ಮುಗಿಸಿರಲಿಲ್ಲ. ಪಲ್ಲವಿ ಆಗಿ ಅನುಪಲ್ಲವಿಗೆ ಕೈಯಿಡುವಷ್ಟರಲ್ಲಿ ಗಂಡಿನ ಕಡೆಯ ಯಾರೋ ಒಬ್ಬರು "ಪೋದುಂ, ಪೋದುಂ, ಕೊರಲ್ ರೊಂಬ ಚೆನ್ನಾಗಿದೆ" ಎನ್ನುವರು, ಸಾಕು ಸಾಕು, ಕಂಠ ಬಹಳ ಚೆನ್ನಾಗಿದೆ ಎಂದು. ಬಜ್ಜಿ ಆರುತ್ತಿರುತ್ತಿತ್ತಲ್ಲ. ಇವಳು ತಾಳ ಹಾಕುತ್ತಿದ್ದ ಕೈಯನ್ನು ತೊಡೆಯ ಮೇಲೆ ಹಾಗೇ ಮಗುಚಿಟ್ಟುಕೊಂಡು ಒಳಗೆ ಬರುವಳು.

"ಒಂದೇ ಒಂದು ಸಲ ಚರಣದ ತನಕ ಹೋಗಬೇಕು, ಮನ್ನಿ" ಎಂದಳು ಒಮ್ಮೆ, ತುಪ್ಪದ ಪಾತ್ರೆ ಉಜ್ಜುತ್ತಾ. "ಕೇಳೋಕೆ ಜನ ಇರಬೇಕು, ಯಾರೂ ಪೋದುಂ ಅನ್ನಬಾರದು. ಅಷ್ಟೇ ತಾನೆ. ಆಮೇಲೆ ಯಾರಿಗೆ ಬೇಕಾದ್ರೂ ಕಟ್ಟಿಕೊಡಲಿ."

ಆ ವರ್ಷದ ನಾಟಕದಲ್ಲಿ ಒಬ್ಬಳು ಗರ್ವದ ರಾಣಿ, ಅವಳ ಗರ್ವ ಇಳಿಸುವ ಒಬ್ಬ ತಂಬೂರಿ ದಾಸ. ಉಳಿದವರು ಸಂದರ್ಭಕ್ಕೆ ತಕ್ಕಂತೆ ಬಂದು ಹೋಗುವವರು. ರಾಣಿಯ ಪಾತ್ರ ಮಾಡುತ್ತಿದ್ದವರು ಪೆರಂಬೂರಿನ ರೈಲ್ವೆ ಡಬ್ಬಿ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದ ಒಬ್ಬ ಮಹನೀಯರು. ಸಂಘದಲ್ಲಿ ಹೆಂಗಸರಿರಲಿಲ್ಲವೆಂದಲ್ಲ. ಬೇಕಾದಷ್ಟು ಇದ್ದೆವು. ಆದರೆ ಹೆಂಗಸರ ಪಾತ್ರಕ್ಕೆ ಹೆಂಗಸರನ್ನು ಹಾಕುವುದು ಮರ್ಯಾದೆಯಲ್ಲ ಎಂದು ಗಂಡಸರು ಠರಾವು ಮಾಡಿದ್ದರು, ಹೆಂಗಸರ ಸೀರೆಯನ್ನು ಗಂಡಸರು ಉಡುವುದರ ಬಗ್ಗೆ ಠರಾವು ಇರಲಿಲ್ಲ.

ನಾನು ಕಂಡ ಹೆಣ್ಣುಗಳಲ್ಲೆಲ್ಲ ಸೀರೆಯ ಬಗ್ಗೆ ಅಷ್ಟು ಶ್ರದ್ಧೆ ಇದ್ದವರೆಂದರೆ ಆ ರಾಣಿಯೇ. ಮಧ್ಯಾಹ್ನದ ರಜೆ ಹಾಕಿ ಅಳತೆ ಕೊಡಲು ಮನೆಗೆ ಬರುವರು. ಸೊಂಟಕ್ಕೆ ಹಳೆಯ ದಿಂಬಿನ ಹತ್ತಿ ತುಂಬಿ ನಾನೊಂದು ಪಟ್ಟಿ ಹೊಲಿದಿದ್ದೆ. ಅದನ್ನು ಕಟ್ಟಿಕೊಂಡು, ಮೇಲೆ ಅತ್ತೆಯವರ ಅರಗು ಬಣ್ಣದ ರೇಷ್ಮೆ ಸೀರೆಯುಟ್ಟು, ಮೀಸೆಯ ಮೇಲಿನ ಬೆವರು ಒರೆಸಿಕೊಳ್ಳುತ್ತಾ ನಮ್ಮ ಹಜಾರದ ಉದ್ದಕ್ಕೂ ನಡೆದು ಅಭ್ಯಾಸ ಮಾಡುವರು.

"ರೈಲು ಡಬ್ಬಿ ಜೋಡಿಸೋದು ಸುಲಭ, ಅಕ್ಕಾ" ಎಂದು ನಿಟ್ಟುಸಿರು ಬಿಡುವರು. "ಈ ನೆರಿಗೆ ಜೋಡಿಸೋದೇ ಹಳಿ ತಪ್ಪುತ್ತೆ."

"ಮೀಸೆ ಯಾವಾಗ ತೆಗೀತೀರಿ?"

"ನಾಟಕದ ದಿನ ಸಾಯಂಕಾಲ. ಅದಕ್ಕೆ ಮುಂಚೆ ತೆಗೆದರೆ ಆಫೀಸಿನಲ್ಲಿ ಅಪ್ಪ ಹೋಗಿಬಿಟ್ಟರೇನೋ ಅಂತ ವಿಚಾರಿಸೋಕೆ ಬರ್ತಾರೆ."

ನಾಟಕಕ್ಕೆ ಒಂದು ತಿಂಗಳು ಇರುವಾಗ ದಾಸನ ಪಾತ್ರದವರಿಗೆ ನಾಗಪುರಕ್ಕೆ ವರ್ಗವಾಯಿತು. ಅವರ ಬದಲಿಗೆ ಸಿಕ್ಕವರೆಲ್ಲ ತಂಬೂರಿ ಹಿಡಿಯಬಲ್ಲವರು, ಶ್ರುತಿ ಹಿಡಿಯಲಾರದವರು. ಆ ಚಿಂತೆಯಲ್ಲೇ ಒಂದು ಮಧ್ಯಾಹ್ನ ರಾಣಿ ನಮ್ಮ ಹಜಾರದಲ್ಲಿ ನಡೆಯುತ್ತಾ ದಾಸನ ಹಾಡನ್ನು ತಾವೇ ಗುನುಗುತ್ತಿದ್ದರು. ಒಂದು ಕಡೆ ಸ್ವರ ಜಾರಿತು. ಅಡಿಗೆಮನೆಯಿಂದ, ಒರಳು ತಿರುಗುವ ಸದ್ದಿನ ನಡುವೆ, ಅದೇ ಸಾಲು ಸರಿಯಾಗಿ ಕೇಳಿಸಿತು. ರಾಣಿ ನೆರಿಗೆ ಕೈಯಲ್ಲಿ ಹಿಡಿದು ನಿಂತುಬಿಟ್ಟರು. ಮತ್ತೆ ಬೇಕೆಂದೇ ತಪ್ಪು ಹಾಡಿದರು. ಒರಳಿನ ಕಡೆಯಿಂದ ಮತ್ತೆ ಸರಿಯಾಗಿ ಬಂತು, ಈ ಸಲ ತುಸು ಸಿಡುಕಿನಿಂದ.

"ಅಕ್ಕಾ, ನಮ್ಮ ದಾಸರು ನಿಮ್ಮನೇಲಿ ಹಿಟ್ಟು ರುಬ್ತಾ ಇದ್ದಾರಲ್ಲ" ಎಂದರು.

ನಮ್ಮವರಿಗೆ ಸುದ್ದಿ ಹೋಯಿತು. ಇವರು ಅಂಜುತ್ತಂಜುತ್ತಾ ತಾಯಿಯ ಹತ್ತಿರ ಹೋದರು. ಮಾವನವರ ಹತ್ತಿರ ಹೋಗುವ ಪ್ರಶ್ನೆಯೇ ಇರಲಿಲ್ಲ. ಅವರು ಸರ್ಕಾರದ ಮರಾಮತ್ತು ಇಲಾಖೆಯಲ್ಲಿ ನಕ್ಷೆ ಬರೆಯುತ್ತಿದ್ದು ನಿವೃತ್ತರಾದವರು. ಸೇತುವೆ, ಕಾಲುವೆ, ಕಲೆಕ್ಟರ ಬಂಗಲೆ ಎಲ್ಲವೂ ಅವರ ಗೆರೆಗಳಿಂದ ಎದ್ದವು ಎಂಬುದು ಮನೆಯ ನಂಬಿಕೆ. ಜೀವನವೂ ಸ್ಕೇಲಿಟ್ಟು ಎಳೆದ ಹಾಗಿರಬೇಕು ಅವರಿಗೆ. ಮನೆಯ ಹೆಣ್ಣುಮಕ್ಕಳು ರಂಗ ಹತ್ತುವ ಬಗ್ಗೆ ಅವರದು ಒಂದೇ ಮಾತು: "ನಮ್ಮಾತ್ತು ಹೆಣ್ಣುಮಕ್ಕಳು ಮುಖಕ್ಕೆ ಬಣ್ಣ ಹಚ್ಚಿಕೊಂಡು ಮೇಡೆ ಹತ್ತೋದಿಲ್ಲ."

ಅತ್ತೆಯವರು ಈ ವಾಕ್ಯವನ್ನು ವಕೀಲರ ಹಾಗೆ ಬಿಡಿಸಿ ನೋಡಿದರು. ವೀಳ್ಯದೆಲೆಯ ತೊಟ್ಟು ಮುರಿಯುತ್ತಾ, "ದಾಸನಿಗೆ ಗಡ್ಡ ಇದೆಯೋ?" ಎಂದು ಕೇಳಿದರು.

"ಇದೆ ಅಮ್ಮಾ."

"ದೊಡ್ಡದೋ?"

"ಎಷ್ಟು ಬೇಕಾದ್ರೂ ದೊಡ್ಡದು ಮಾಡಬಹುದು."

"ಗಡ್ಡ ಬಣ್ಣ ಅಲ್ಲ" ಎಂದರು ಅತ್ತೆ. "ಮುಖಕ್ಕೆ ಬಣ್ಣ ವೇಂಡಾಂ. ಗಡ್ಡ ಅಂಟಿಸಿ, ಮೀಸೆ ಅಂಟಿಸಿ, ತಲೆಗೆ ಮುಂಡಾಸು ಕಟ್ಟಿ. ಕಣ್ಣು, ಮೂಗು, ಹಣೆ ಬಿಟ್ಟು ಒಂದೂ ಕಾಣಬಾರದು. ಗಂಡಸು ಅಂತ್ಲೇ ಎಲ್ಲಾರೂ ನಂಬಬೇಕು. ನಿಮ್ಮಪ್ಪಂಗೆ ನಾನು ಏನೂ ಹೇಳೋದಿಲ್ಲ, ಕೇಳಿದ್ರೂ ಹೇಳೋದಿಲ್ಲ." ಆಮೇಲೆ ಎಲೆಗೆ ಸುಣ್ಣ ಸವರುತ್ತಾ, "ಈ ವಯಸ್ಸಲ್ಲಿ ಅವರಿಗೆ ನಾಮ ಹಾಕೋ ಹಾಗಾಯ್ತು" ಎಂದರು.

"ನಾನು ದಿನಾ ಹಾಕ್ತೀನಲ್ಲಮ್ಮಾ" ಎಂದಳು ನಾದಿನಿ.

ಅತ್ತೆಯವರು ನಗು ತಡೆಯಲು ಎಲೆಯನ್ನು ಬಾಯಿಗೆ ತುರುಕಿಕೊಂಡರು. ಮಾತು ಮಾತ್ರ ನಿಜವೇ. ಮಾವನವರ ಬಲಗೈ ನಿವೃತ್ತಿಯಾದ ಮೇಲೆ ನಡುಗಲು ಶುರುವಾಗಿತ್ತು. ಊರಿನ ಸೇತುವೆಗಳಿಗೆಲ್ಲ ಗೆರೆ ಎಳೆದ ಕೈಗೆ ತನ್ನ ಹಣೆಯ ಮೇಲೆ ಗೆರೆ ಎಳೆಯಲಾಗದೆ ಹೋಯಿತು. ಅಂದಿನಿಂದ ಪ್ರತಿ ಬೆಳಿಗ್ಗೆ ಸ್ನಾನವಾದ ಮೇಲೆ ಅವರು ಮಣೆಯ ಮೇಲೆ ಕೂತು ಮುಖ ಎತ್ತುವರು, ಮಗಳು ಎದುರು ಕೂತು ಬೆಳ್ಳಿಯ ಕಡ್ಡಿಯಲ್ಲಿ ತಿರುಮಣ್ಣಿನ ಎರಡು ಬಿಳಿ ಗೆರೆ, ನಡುವೆ ಶ್ರೀಚೂರ್ಣದ ಕೆಂಪು ಗೆರೆ ಎಳೆಯುವಳು. ಅವರ ಎಡಹುಬ್ಬಿನ ಮೇಲೆ ಎಳೆತನದಲ್ಲಿ ಬಿದ್ದ ಗಾಯದ ಗುರುತೊಂದಿತ್ತು. ಅದರ ಮೇಲೆ ಮಣ್ಣು ನಿಲ್ಲುತ್ತಿರಲಿಲ್ಲ. ಹಾಗಾಗಿ ಆ ಕಡೆಯ ಗೆರೆ ಬುಡದಿಂದ ಹೊರಟು, ಗಾಯದ ಹತ್ತಿರ ಸ್ವಲ್ಪ ಹೊರಕ್ಕೆ ಬಳಸಿ, ಮತ್ತೆ ನೇರಕ್ಕೆ ಬರುತ್ತಿತ್ತು. ಕಾಲುವೆ ಬಂಡೆಯನ್ನು ಸುತ್ತಿ ಹೋದ ಹಾಗೆ. ಎಲ್ಲವೂ ನೇರವಿದ್ದ ಆ ಮನುಷ್ಯರಲ್ಲಿ ಅದೊಂದೇ ಸೊಟ್ಟ.

ಹೀಗೆ ಮುಖಕ್ಕೆ ಬಣ್ಣ ಹಚ್ಚಬಾರದಾಗಿದ್ದ ಹುಡುಗಿ ದಿನಾ ಬೆಳಿಗ್ಗೆ ಮಾಡುತ್ತಿದ್ದ ಮೊದಲ ಕೆಲಸವೇ ಅದು.

ದಾಸ ಯಾರೆಂಬುದು ನಮ್ಮವರಿಗೆ, ರಾಣಿಗೆ, ಹಾರ್ಮೋನಿಯಂ ಮೇಷ್ಟರಿಗೆ ಗೊತ್ತು. ಉಳಿದವರಿಗೆ "ಮೈಸೂರಿನಿಂದ ಬರುವ ಒಬ್ಬ ಹವ್ಯಾಸಿ ಗಾಯಕ". ಅಭ್ಯಾಸಕ್ಕೆ ಅವಳು ನನ್ನ ಜೊತೆ ಮೇಷ್ಟರ ಮನೆಗೆ ಬರುತ್ತಿದ್ದಳು, ಮಾವನವರ ಪಾಲಿಗೆ ಹೊಲಿಗೆ ಕಲಿಯಲು. ಅವಳು ಹಿಂತಿರುಗುವಾಗ ಅವರು ಒಮ್ಮೊಮ್ಮೆ "ಏನು ಹೊಲಿದೆ ಇವತ್ತು?" ಎನ್ನುವರು. "ಅಂಚು" ಎನ್ನುವಳು. ಆ ತಿಂಗಳು ನಮ್ಮ ಮನೆಯಲ್ಲಿ ಹೊಲಿದ ಅಂಚುಗಳನ್ನೆಲ್ಲ ಜೋಡಿಸಿದ್ದರೆ ಮರೀನಾ ಬೀಚಿಗೆ ಸುತ್ತು ಕಟ್ಟಬಹುದಿತ್ತು.

ನನ್ನ ಕಷ್ಟ ಬೇರೆ. ದಾಸನ ಹಣೆಗೆ ಏನು ಹಾಕುವುದು ಎಂದು ಕೇಳಲು ನಾನು ಕಾರ್ಯಕಾರಿ ಸಭೆಗೆ ಹೋದೆ. ಕೇಳದೆ ಏನೋ ಒಂದು ಬಳಿದಿದ್ದರೆ ಆಗುತ್ತಿತ್ತು. ಕಾನ್ವೆಂಟಿನ ಬುದ್ಧಿ, ಮೊದಲು ಕೈಯೆತ್ತಿ ಕೇಳಬೇಕು.

ನಮ್ಮ ಅಧ್ಯಕ್ಷರದು ಕಾಲಿಲ್ಲದ ನಾಮ, ಬುಡ ದುಂಡಗೆ ಇರುವಂಥದು. ನಮ್ಮ ಮನೆಯದು ಮೂಗಿನ ಮೇಲೆ ಸಣ್ಣ ಕಾಲು ಇಳಿಯುವ ನಾಮ. ಹೊರಗಿನವರ ಕಣ್ಣಿಗೆ ಎರಡೂ ಒಂದೇ. ಒಳಗಿನವರು ಇದೊಂದು ಕಾಲಿಗಾಗಿ ಕೋರ್ಟು ಹತ್ತಿದವರು. ಸಂಘದ ಪೋಷಕರೊಬ್ಬರಿದ್ದರು, ಉಡುಪಿ ಕಡೆಯವರು, ತ್ರಿಪ್ಲಿಕೇನಿನಲ್ಲೇ ಹೋಟೆಲು ಇಟ್ಟವರು. ನಾಟಕದ ದಿನದ ಕಾಫಿ ತಿಂಡಿಯೆಲ್ಲ ಅವರದೇ.

"ದಾಸ ಅಂದ ಮೇಲೆ ಗೋಪೀಚಂದನ ಅಲ್ವಾ?" ಎಂದರು ಅವರು. "ಇದರಲ್ಲಿ ಕೇಳುದೆಂತ ಉಂಟು?"

"ದಾಸರು ಯಾವ ಊರಿನವರು ಅಂತ ನಾಟಕದಲ್ಲಿ ಎಲ್ಲೂ ಹೇಳಿಲ್ಲವಲ್ಲ" ಎಂದರು ಅಧ್ಯಕ್ಷರು. "ಎಲ್ಲಾರಿಗೂ ಒಪ್ಪೋ ಹಾಗೆ ಸಾಮಾನ್ಯ ನಾಮ ಹಾಕಲಿ." ಸಾಮಾನ್ಯ ನಾಮ ಎಂದರೆ ಅವರ ನಾಮ.

"ನಿಮ್ಮದು ಸಾಮಾನ್ಯ, ನಮ್ಮದು ವಿಶೇಷ. ಆಯ್ತು ಮಾರಾಯ್ರೆ. ಹಾಗಾದ್ರೆ ಇಡ್ಲಿ ಸಾಂಬಾರ್ ಸಾಮಾನ್ಯವೇ ಕಳಿಸ್ತೇನೆ, ಗೋಡಂಬಿ ಹಾಕಿದ ಕೇಸರಿಬಾತು ಮನೆಯಲ್ಲೇ ಇರಲಿ."

ಕೇಸರಿಬಾತು ಅಪಾಯದಲ್ಲಿದೆ ಎಂದು ತಿಳಿದ ಮೇಲೆ ಸಭೆ ರಾಜಿಗೆ ಬಂತು. ದಾಸನ ಹಣೆಯ ನಡುವೆ ಒಂದೇ ಒಂದು ಕೆಂಪು ಗೆರೆ, ಬಿಳಿ ಕೂಡದು. ಅದು ಯಾರದೂ ಅಲ್ಲವಾದ್ದರಿಂದ ಯಾರ ಮನಸ್ಸಿಗೂ ನೋವಾಗುವುದಿಲ್ಲ. ಠರಾವು ಸರ್ವಾನುಮತದಿಂದ ಪಾಸಾಯಿತು. ಹಣೆಗೆ ಬೇಕಾದ ಕುಂಕುಮವನ್ನು ನಾನೇ ಮನೆಯಿಂದ ತರಬೇಕೆಂದೂ ಸೇರಿಸಿದರು.

ನಾಟಕ ನಡೆದದ್ದು ಸಮುದ್ರದ ಹತ್ತಿರದ ಒಂದು ಶಾಲೆಯ ಸಭಾಂಗಣದಲ್ಲಿ. ಬಣ್ಣದ ಮನೆಯೆಂದರೆ ಪಕ್ಕದ ಮೂರನೇ ಕ್ಲಾಸು. ಕರಿಹಲಗೆಯ ಮೇಲೆ ಯಾರೋ ಮಗ್ಗಿ ಬರೆದು ಅರ್ಧಕ್ಕೆ ಬಿಟ್ಟಿದ್ದರು. ಮಕ್ಕಳ ಗಿಡ್ಡ ಬೆಂಚುಗಳ ಮೇಲೆ ಮಂತ್ರಿ, ಸೇನಾಪತಿ, ವಿದೂಷಕ ಮೊಣಕಾಲು ಗದ್ದಕ್ಕೆ ಬರುವ ಹಾಗೆ ಕೂತು ಬಣ್ಣ ಹಚ್ಚಿಸಿಕೊಳ್ಳುತ್ತಿದ್ದರು. ಕೋಡಂಬಾಕ್ಕಂನ ಸ್ಟುಡಿಯೋದಿಂದ ಬಂದ ಮೇಕಪ್ಪಿನವರು ಸಪೇತದ ಬಿಳಿ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಒಂದು ಬಸಿಯಲ್ಲಿಟ್ಟು, ಎಲ್ಲರನ್ನೂ ಒಂದೇ ಸಮನೆ ಗುಲಾಬಿ ಮಾಡಿ, ಇನ್ನೊಂದು ನಾಟಕವಿದೆಯೆಂದು ಬಸಿಯನ್ನು ಅಲ್ಲೇ ಬಿಟ್ಟು ಪೆಟ್ಟಿಗೆ ಮುಚ್ಚಿ ಹೋದರು. ಅವರು ಹೋದ ಮೇಲೆಯೇ ದಾಸ ಬಂದದ್ದು.

ಗಡ್ಡ ನನ್ನ ಕೈಕೆಲಸ. ಜಡೆಯ ಹಾಗೆ ಹೆಣೆದು ಮಾರುವ ಕ್ರೇಪ್ ಕೂದಲನ್ನು ಬಿಚ್ಚಿ, ಇಸ್ತ್ರಿ ಮಾಡಿ, ತೆಳುವಾದ ಬಲೆಬಟ್ಟೆಗೆ ಎಳೆ ಎಳೆಯಾಗಿ ಹೊಲಿದಿದ್ದೆ. ಸಿಸ್ಟರುಗಳು ನೋಡಿದ್ದರೆ ಹೊಲಿಗೆಯನ್ನು ಮೆಚ್ಚಿ ಉದ್ದೇಶಕ್ಕೆ ಪ್ರಾರ್ಥನೆ ಮಾಡುತ್ತಿದ್ದರು. ಅಂಟಿಸಲು ಸ್ಪಿರಿಟ್ ಗಮ್. ಆದರೆ ಕಡಲ ಗಾಳಿಗೆ ಯಾವ ಗೋಂದೂ ಒಣಗುವುದಿಲ್ಲ. ಬೀಸಣಿಗೆಯಲ್ಲಿ ಬೀಸಿ ಬೀಸಿ ಒಂದು ಹದಕ್ಕೆ ತಂದೆ. ನಾದಿನಿ ಬಿಳಿ ಧೋತ್ರ, ಉದ್ದ ನಿಲುವಂಗಿ, ಮುಂಡಾಸಿನಲ್ಲಿ ನಿಂತಳು. ಗಡ್ಡದ ಒಳಗಿನಿಂದ "ಮನ್ನಿ, ಕೆರೀತಾ ಇದೆ" ಎಂದಳು.

"ದಾಸರು ಕೆರೆದುಕೊಳ್ಳಬಾರದು."

ಅಷ್ಟರಲ್ಲಿ ನಮ್ಮವರು ಬಾಗಿಲಲ್ಲಿ ಕಾಣಿಸಿಕೊಂಡರು. ಮುಖಕ್ಕೆ ಬಣ್ಣ ಹಚ್ಚದೆಯೇ ಸಪೇತ ಬಳಿದ ಹಾಗಿತ್ತು. "ಅಪ್ಪಾ ಬಂದಿದ್ದಾರೆ" ಎಂದರು. "ಅಧ್ಯಕ್ಷರು ತಾವೇ ಕಾರು ಕಳಿಸಿ ಕರೆಸಿಕೊಂಡಿದ್ದಾರೆ. ಮೊದಲನೇ ಸಾಲಲ್ಲಿ ಕೂತಿದ್ದಾರೆ. ಅಮ್ಮಾ ಹೆಂಗಸರ ಕಡೆ. ಇವಳೆಲ್ಲಿ ಅಂತ ಕೇಳಿದರು. ನಿನಗೆ ಸೂಜಿಗೆ ದಾರ ಪೋಣಿಸಿಕೊಡ್ತಿದ್ದಾಳೆ ಅಂದೆ."

ನಾದಿನಿ ಬೆಂಚಿನ ಮೇಲೆ ಕೂತಳು. ಗಡ್ಡ ಮಾತ್ರ ಸಣ್ಣಗೆ ನಡುಗುತ್ತಿತ್ತು.

"ಬೇಡವಾದರೆ ಈಗಲೂ ಬೇಡ ಅನ್ನು" ಎಂದೆ.

"ಚರಣದ ತನಕ, ಮನ್ನಿ" ಎಂದಳು.

ಅದೇ ಹೊತ್ತಿಗೆ ರಾಣಿಯ ರವಿಕೆ ಬೆನ್ನಿನಲ್ಲಿ ಬಿರಿಯಿತು. ಮೀಸೆ ಬೋಳಿಸಿದ ದುಃಖಕ್ಕೋ ಏನೋ ಅವರು ಹೋಟೆಲಿನವರ ಕೇಸರಿಬಾತನ್ನು ಎರಡು ಸಲ ತಿಂದಿದ್ದರು. ನಾನು ಅವರ ಬೆನ್ನ ಹಿಂದೆ ಮಂಡಿಯೂರಿ ಹೊಲಿಗೆ ಹಾಕತೊಡಗಿದೆ. ಕುಂಕುಮದ ಭರಣಿ, ಒಂದು ಕಡ್ಡಿ, ಕೈಗನ್ನಡಿ ಇವನ್ನು ನಾದಿನಿಯ ಕಡೆ ಸರಿಸಿ, "ಒಂದು ಗೆರೆ ಎಳೆದುಕೊ, ನನ್ನ ಕೈ ಬಿಡುವಿಲ್ಲ" ಎಂದೆ. ದಾರ ಕಡಿದು ತಲೆಯೆತ್ತುವಷ್ಟರಲ್ಲಿ ಗಂಟೆ ಹೊಡೆಯಿತು. ದಾಸ ತಂಬೂರಿ ಎತ್ತಿಕೊಂಡು ನನ್ನ ಕಡೆ ತಿರುಗಿದ.

ಹಣೆಯ ಮೇಲೆ ಒಂದು ಗೆರೆಯಲ್ಲ, ತುಂಬು ನಾಮವಿತ್ತು. ಬಸಿಯಲ್ಲಿದ್ದ ಸಪೇತದಲ್ಲಿ ಎರಡು ಬಿಳಿ ಗೆರೆ, ನಡುವೆ ಕುಂಕುಮದ ಕೆಂಪು, ಮೂಗಿನ ಮೇಲೆ ಇಳಿದ ಕಾಲು. ನಮ್ಮ ಮನೆಯ ನಾಮ. ಒಂದು ಗೆರೆ ಹುಬ್ಬಿನ ಹತ್ತಿರ ಹೊರಕ್ಕೆ ಬಳಸಿ, ಇಲ್ಲದ ಗಾಯವೊಂದನ್ನು ಸುತ್ತಿಕೊಂಡು ಹೋಗಿತ್ತು.

ಅವಳಿಗೆ ಅದರ ಅರಿವೇ ಇರಲಿಲ್ಲ. ಮನಸ್ಸು ಮೊದಲ ಸಾಲಿನಲ್ಲಿದ್ದಾಗ ಕೈಗೆ ಗೊತ್ತಿದ್ದದ್ದನ್ನು ಕೈ ಮಾಡಿತ್ತು. ಎಣ್ಣೆಯಲ್ಲಿ ಕಲಸಿದ ಸಪೇತ ಒರೆಸಿದರೆ ಹೋಗುವುದಿಲ್ಲ, ಹಣೆಯೆಲ್ಲ ಹರಡುತ್ತದೆ. ಪರದೆ ಸರಿಯಿತು. ನಾನು ಕಾನ್ವೆಂಟಿನಲ್ಲಿ ಕಲಿತ ಎರಡನೆಯ ವಿದ್ಯೆಯನ್ನು ಪ್ರಯೋಗಿಸಿ ಸುಮ್ಮನೆ ನಿಂತೆ.

ಪಕ್ಕದ ಪರದೆಯ ಸಂದಿಯಿಂದ ನನಗೆ ಮೊದಲ ಸಾಲು ಕಾಣುತ್ತಿತ್ತು. ಅಧ್ಯಕ್ಷರು ನಾಮದ ಕಾಲನ್ನು ಕಂಡು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಹೋಟೆಲಿನವರು ಅಧ್ಯಕ್ಷರ ಮುಖ ನೋಡಿ ಆನಂದವಾಗಿ ಹಿಂದಕ್ಕೆ ಒರಗಿದರು. ಅವರ ನಡುವೆ ಮಾವನವರು ಊರುಗೋಲಿನ ಮೇಲೆ ಎರಡೂ ಕೈಯಿಟ್ಟು ಕೂತಿದ್ದರು.

ನಾದಿನಿ ಹಾಡಿದಳು. ಪಲ್ಲವಿ ಆಯಿತು. ನನಗೆ ಗೊತ್ತಿಲ್ಲದೆ ನಾನು "ಪೋದುಂ" ಎಂಬ ಮಾತಿಗಾಗಿ ಕಿವಿಗೊಟ್ಟಿದ್ದೆ. ಯಾರೂ ಅನ್ನಲಿಲ್ಲ. ಅನುಪಲ್ಲವಿಗೆ ಹೋದಳು. ಬೆವರಿಗೆ ಗಡ್ಡದ ಒಂದು ಬದಿ ಬಿಡತೊಡಗಿತು. ಅವಳು ಎಡಗೈಯಲ್ಲಿ ಗಡ್ಡವನ್ನು ಕೆನ್ನೆಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ತಲೆ ತುಸು ವಾಲಿಸಿ ಹಾಡಿದಳು. ಸಭೆಯಲ್ಲಿ ಯಾರೋ "ಆಹಾ, ಏನು ಭಾವ" ಎಂದರು. ಸಿಂಹಾಸನದ ಮೇಲಿದ್ದ ರಾಣಿಗೆ ಗಡ್ಡದ ಅವಸ್ಥೆ ಕಾಣಿಸಿ ನಿಜವಾಗಿಯೇ ಕಣ್ಣಲ್ಲಿ ನೀರು ಬಂತು. ಅದನ್ನೂ ಜನ ಅಭಿನಯವೆಂದೇ ತಿಳಿದರು.

ಮಾವನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ವೇದಿಕೆಯನ್ನೇ ನೋಡುತ್ತಾ ನಡುಗುವ ಬಲಗೈಯನ್ನು ಮೆಲ್ಲಗೆ ಎತ್ತಿ ತಮ್ಮ ಎಡಹುಬ್ಬಿನ ಮೇಲೆ ಬೆರಳಿಟ್ಟರು. ಬೆರಳು ಅಲ್ಲೇ ಇತ್ತು, ಚರಣ ಮುಗಿಯುವ ತನಕ.

ಹೌದು, ಚರಣ ಮುಗಿಯಿತು. ಅದಾದ ಮೇಲೆ ಅವಳು ಮತ್ತೆ ಪಲ್ಲವಿಗೆ ಬಂದು, ತಾಳ ಮುಗಿಸಿ, ಕೈ ಮಗುಚಿಡದೆ ಎತ್ತಿ ಮುಗಿದಳು. ಚಪ್ಪಾಳೆ ಬಹಳ ಹೊತ್ತು ಇತ್ತು. ಮಾವನವರು ಚಪ್ಪಾಳೆ ತಟ್ಟಲಿಲ್ಲ. ಎದ್ದು ಹೋಗಲೂ ಇಲ್ಲ.

ನಾಟಕ ಮುಗಿದ ಮೇಲೆ ಅತ್ತೆಯವರು ಬಣ್ಣದ ಮನೆಗೆ ಬಂದವರು ವಿಜಯದ ಮುಖದಲ್ಲಿದ್ದರು. ಮೈಲಾಪುರದ ಕಡೆಯ ಒಬ್ಬ ಹೆಂಗಸು ಅವರ ಪಕ್ಕದಲ್ಲೇ ಕೂತಿದ್ದಳಂತೆ. ದಾಸನ ಪಾತ್ರದ ಆ ಪಿಳ್ಳೆಗೆ ಮದುವೆ ಆಗಿದೆಯೋ, ಯಾವ ಗೋತ್ರ ಎಂದು ವಿಚಾರಿಸಿದಳಂತೆ.

"ನೀವೇನು ಹೇಳಿದಿರಿ ಅತ್ತೆ?"

"ಹುಡುಗಂಗೆ ತಲೆನೋವು ಜಾಸ್ತಿ, ಬೇಡ ಅಂದೆ. ಯಾರಿಗೂ ಗೊತ್ತಾಗ್ಲಿಲ್ಲ, ನೋಡು. ಹೆತ್ತ ತಾಯಿ ನಾನೇ ಗುರುತು ಹಿಡೀತಾ ಇರಲಿಲ್ಲ."

"ಹಣೆ ನೋಡಲಿಲ್ಲವೇ?"

"ನೋಡಿದೆ. ನಮ್ಮ ನಾಮ. ನಮ್ಮವರ ಹಾಗೆ ಸೊಟ್ಟ ಕೂಡ ಇತ್ತು. ಆದರೆ ಆ ಕಡೆಗಿರಲಿಲ್ಲ, ಈ ಕಡೆಗಿತ್ತು."

ಆ ಮಾತು ನನ್ನನ್ನು ಎಷ್ಟೋ ದಿನ ಕಾಡಿತು. ಆಮೇಲೊಮ್ಮೆ ತಲೆ ಬಾಚಿಕೊಳ್ಳುವಾಗ ತಾನಾಗಿ ಹೊಳೆಯಿತು. ಮಗಳು ಎದುರು ಕೂತು ನಾಮ ಹಾಕುವಾಗ ಅಪ್ಪನ ಗಾಯ ಅವಳ ಬಲಗಡೆಗೆ. ಕನ್ನಡಿಯ ಮುಂದೆಯೂ ಅವಳ ಕೈ ಬಲಗಡೆಗೇ ಬಳಸಿತ್ತು. ಹಾಗಾಗಿ ಗಂಡನನ್ನು ದಿನಾ ಎದುರಿನಿಂದ ನೋಡುತ್ತಿದ್ದ ಹೆಂಡತಿಗೆ ಅದು ಅದಲು ಬದಲಾಗಿ ಕಂಡಿತು. ಆದರೆ ಮಾವನವರು ತಮ್ಮ ಮುಖವನ್ನು ನೋಡಿಕೊಂಡಿದ್ದು ಕನ್ನಡಿಯಲ್ಲಿ ಮಾತ್ರ. ಇಡೀ ಸಭೆಯಲ್ಲಿ ಅವರೊಬ್ಬರಿಗೇ ಆ ನಾಮ, ಪ್ರತಿ ಬೆಳಿಗ್ಗೆ ಕಂಡಂತೆಯೇ, ಸರಿಯಾದ ಕಡೆಗೇ ಬಳಸಿತ್ತು.

ಮರುದಿನ ಬೆಳಿಗ್ಗೆ ಮನೆಯಲ್ಲಿ ಎಲ್ಲರೂ ಅಗತ್ಯಕ್ಕಿಂತ ಮೆಲ್ಲಗೆ ನಡೆಯುತ್ತಿದ್ದೆವು. ಮಾವನವರು ಸ್ನಾನ ಮಾಡಿ ಮಣೆಯ ಮೇಲೆ ಕೂತರು. ನಾದಿನಿ ನಾಮದ ಪೆಟ್ಟಿಗೆ ತಂದು ಎದುರು ಕೂತಳು. ಗೋಂದಿನಿಂದ ಅವಳ ಗದ್ದ, ಕೆನ್ನೆಯ ಅಂಚು ಕೆಂಪಗೆ ಕಂದಿತ್ತು. ನಾನು ಪಕ್ಕದಲ್ಲಿ ಹೂ ಕಟ್ಟುತ್ತಿದ್ದೆ, ಅಥವಾ ಕಟ್ಟುವವಳ ಹಾಗೆ ಇದ್ದೆ.

"ಮುಖಕ್ಕೇನಾಯ್ತು?" ಎಂದರು ಮಾವ.

"ಕೊಸು" ಎಂದರು ಅತ್ತೆ, ಅಡಿಗೆಮನೆಯಿಂದಲೇ. "ರಾತ್ರಿಯೆಲ್ಲಾ ಸೊಳ್ಳೆ ಕಡಿತ."

ಮಾವನವರು ಮಗಳ ಗದ್ದವನ್ನು ಈ ಕಿವಿಯಿಂದ ಆ ಕಿವಿಯವರೆಗೆ ನೋಡಿದರು. "ಗಡ್ಡದ ಅಳತೆಗೆ ಸರಿಯಾಗಿ ಕಡಿದಿದೆ" ಎಂದರು.

ಅಡಿಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ನಾದಿನಿ ಕಡ್ಡಿಯನ್ನು ತಿರುಮಣ್ಣಿನಲ್ಲಿ ಅದ್ದಿ ಹಾಗೇ ಹಿಡಿದಿದ್ದಳು. ಹನಿ ಮಣೆಯ ಮೇಲೆ ಬಿತ್ತು.

"ಆ ದಾಸನ ಹಣೇಲಿ ಗಾಯ ಇರಲಿಲ್ಲವಲ್ಲ" ಎಂದರು ಮಾವ. "ಗೆರೆ ಯಾಕೆ ಸುತ್ತಿಕೊಂಡು ಹೋಗಿತ್ತು?"

"ಕೈಗೆ ಅಭ್ಯಾಸ, ಅಪ್ಪಾ."

"ಹ್ಞೂಂ" ಎಂದರು. ಮಣೆಯ ಮೇಲೆ ಬಿದ್ದ ಹನಿಯನ್ನು ಬೆರಳಲ್ಲಿ ಒರೆಸಿ, "ಗಾಯ ಇಲ್ಲದ ಕಡೆ ನೇರವಾಗಿ ಎಳೀಬೇಕು" ಎಂದರು. ಕಣ್ಣು ಮುಚ್ಚಿ ಮುಖ ಎತ್ತಿದರು. ಅವಳು ನಾಮ ಹಾಕಿದಳು. ಅವತ್ತಿನ ಗೆರೆಯಷ್ಟು ಸೊಟ್ಟ ಗೆರೆಯನ್ನು ಆ ಮನೆಯಲ್ಲಿ ನಾನು ಕಂಡಿಲ್ಲ. ಅವರು ಕನ್ನಡಿ ನೋಡಿಕೊಂಡರು, ಒರೆಸಿ ಹಾಕು ಎನ್ನಲಿಲ್ಲ.

ಸಂಘದಲ್ಲಿ ಅಧ್ಯಕ್ಷರು ವೇಷಭೂಷಣ ಸಮಿತಿಯಿಂದ ವಿವರಣೆ ಕೇಳಿದರು. ನಾನು ಬೆಳಕಿನ ದೋಷವೆಂದೆ. ಮುಂದಿನ ವರ್ಷದ ನಾಟಕಕ್ಕೆ ನಾದಿನಿ ಬರಲಿಲ್ಲ. ಬರಬೇಡ ಎಂದು ಯಾರೂ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಹೆಣ್ಣುಮಕ್ಕಳು ಮೇಡೆ ಹತ್ತೋದಿಲ್ಲ ಎಂಬ ಆ ವಾಕ್ಯವನ್ನು ಮಾವನವರು ಮತ್ತೆ ನಮ್ಮೆದುರು ಆಡಲಿಲ್ಲ, ಅಷ್ಟೇ.

ನಾಟಕವಾದ ಆ ತಿಂಗಳ ಕೊನೆಯಲ್ಲೇ ಕ್ರೋಂಪೇಟೆಯಿಂದ ಒಂದು ಗಂಡಿನ ಕಡೆಯವರು ಬಂದರು. ಎಂದಿನ ಹಾಗೆ ಜಮಖಾನ, ಬಜ್ಜಿ, ಕಾಫಿ. ಗದ್ದದ ಕೆಂಪು ಅಷ್ಟರಲ್ಲಿ ಮಾಸಿತ್ತು. ನಾನೇ ಅವಳಿಗೆ ಸ್ವಲ್ಪ ಪೌಡರು ಹಚ್ಚಿ ಕರೆತಂದು ಕೂರಿಸಿದೆ. ಅವಳು ಹಾಡತೊಡಗಿದಳು. ಪಲ್ಲವಿ ಆಗುತ್ತಿದ್ದಂತೆ ಹುಡುಗನ ಚಿಕ್ಕಪ್ಪ ಬಜ್ಜಿಯ ತಟ್ಟೆಯತ್ತ ಒಮ್ಮೆ ನೋಡಿ, "ಪೋದುಂ, ಪೋದುಂ" ಎಂದರು. ನಾದಿನಿಯ ಕೈ ತೊಡೆಯ ಮೇಲೆ ಮಗುಚಿಕೊಳ್ಳಲು ಹೊರಟಿತ್ತು.

"ಇರಿ" ಎಂದರು ಮಾವನವರು, ಊರುಗೋಲನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿ. "ಇನ್ನೂ ಚರಣ ಇದೆ."

ಬಜ್ಜಿ ಪೂರ್ತಿ ಆರಿತು.